ಕೊನೆಯ ಗಾಡಿ ಬರುವ ತನಕ

ಎಂಜಿನ್ ಆರಿಸಿ, ಹೆಲ್ಮೆಟ್ ಕಳಚಿ, ಲೋರ್ನಾ ಹಿಂದಕ್ಕೆ ತಿರುಗಿ ನೋಡಿದಳು. ಬೆನ್ನಿಗೇ ಬಂದ ಇಬ್ಬರು ಸವಾರರ ಹಿಂದೆ, ಮಳೆ ಹಿಡಿದ ರಸ್ತೆಯಲ್ಲಿ ಎರಡು ಕುರಿ ಬಿಟ್ಟರೆ ಯಾರೂ ಇರಲಿಲ್ಲ.

“ಕ್ಲೈವ್, ಉಳಿದೋರೆಲ್ಲ ಎಲ್ಲಿ?”

ಕ್ಲೈವ್ ಆಗಲೇ ತನ್ನ ಗಾಡಿಯನ್ನು ಚರ್ಚಿನ ಗೇಟಿಗೆ ಒತ್ತಿ ನಿಲ್ಲಿಸಿದ್ದ. ಅವನದು ಹೆಣ ಸಾಗಿಸುವ ಮೋಟಾರ್‌ಸೈಕಲ್. ಪಕ್ಕಕ್ಕೆ ಜೋಡಿಸಿದ ಗಾಜಿನ ಸೈಡ್‌ಕಾರಿನಲ್ಲಿ ಲೋರ್ನಾಳ ಅಪ್ಪ ಪರ್ಸಿ ಮೆಟ್ಕಾಫನ ಶವಪೆಟ್ಟಿಗೆ ಇತ್ತು. ಥಾರ್ನ್‌ಬೆಕ್ಕಿನ ಕುರಿಸಂತೆ ಅಂಗಳದಿಂದ ಹೊರಟಾಗ ಇವರ ಬೆನ್ನಿಗೆ ಇಪ್ಪತ್ತರ ಹತ್ತಿರ ಗಾಡಿಗಳಿದ್ದವು. ಕ್ರಾಗ್‌ಡೇಲ್ ಚರ್ಚು ಮುಟ್ಟುವ ಹೊತ್ತಿಗೆ ಅದರಲ್ಲಿ ಉಳಿದದ್ದು ಎರಡೇ.

ಕ್ಲೈವ್ ಖಾಲಿ ರಸ್ತೆಯನ್ನು ನೋಡಿದ, ಆಮೇಲೆ ಲೋರ್ನಾಳನ್ನು ನೋಡಿದ.

“ಇವತ್ತು ಬಾಲ ಯಾರು?” ಅಂತ ಕೇಳಿದ.

“ಬಾಲ ಅಪ್ಪ…” ಅಂದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ಗುಂಪಾಗಿ ಸವಾರಿ ಹೊರಟರೆ ನಮ್ಮ ಕಣಿವೆಯಲ್ಲಿ ಒಂದು ಕಟ್ಟಳೆ ಇದೆ. ಮುಂದಿನವರು ತಲೆ, ಕೊನೆಯವನು ಬಾಲ. ತಿರುವು ಬಂದಾಗಲೆಲ್ಲ ತಲೆಯ ಬೆನ್ನಿಗಿರುವವನು ಅಲ್ಲೇ ನಿಂತು, ಹಿಂದೆ ಬರುವವರಿಗೆ ಕೈ ಚಾಚಿ ದಾರಿ ತೋರಿಸಬೇಕು. ಬಾಲ ಬಂದು ತಲೆಯಾಡಿಸುವ ತನಕ ಆ ಮೂಲೆ ಬಿಡುವ ಹಾಗಿಲ್ಲ, ಮಳೆ ಬಂದರೂ ಸರಿ, ಮಂಜು ಬಿದ್ದರೂ ಸರಿ. ಬಾಲ ಬಂದ ಮೇಲೆ ಅವನ ಮುಂದೆ ಸೇರಿಕೊಂಡು ಹೊರಡಬೇಕು. ಹೀಗೆ ಮಾಡಿದರೆ ಯಾರೂ ದಾರಿ ತಪ್ಪುವುದಿಲ್ಲ. ಹನ್ನೊಂದು ವರ್ಷದಿಂದ ಆ ಬಾಲ ಪರ್ಸಿಯೇ. ‘ಬಾಲ ಯಾರು’ ಅಂತ ಕೇಳುವ ಅಭ್ಯಾಸವೇ ನಮ್ಮವರಿಗೆ ತಪ್ಪಿಹೋಗಿತ್ತು. ಇವತ್ತು ಆ ಪರ್ಸಿ ಎಲ್ಲರಿಗಿಂತ ಮುಂದೆ, ಗಾಜಿನೊಳಗೆ ಮಲಗಿ ಬಂದಿದ್ದ.

“ಹಾಗಾದ್ರೆ ಅವರು ಎಲ್ಲೂ ಹೋಗಿಲ್ಲ,” ಅಂದ ಕ್ಲೈವ್. “ನಿಂತಿದ್ದಾರೆ. ಮೂಲೆಗೊಬ್ಬರು.”

ಮೂಲೆಗಳೇನು ಕಡಮೆಯೇ? ಪರ್ಸಿ ಮೂವತ್ತು ವರ್ಷ ದನದ ಹಿಂಡಿಯ ಲಾರಿ ಓಡಿಸಿದ್ದ. ಅಪ್ಪ ಹಿಂಡಿ ಮೂಟೆ ಇಳಿಸಿದ ಒಂದೊಂದು ತೋಟದ ಮನೆಯ ಮುಂದೆಯೂ ಅವನ ಕೊನೆಯ ಸವಾರಿ ಹಾಯಬೇಕು ಅಂತ ಲೋರ್ನಾಳೇ ಸುತ್ತುಬಳಸಿನ ದಾರಿ ಗೊತ್ತು ಮಾಡಿದ್ದಳು. ನೇರ ರಸ್ತೆಯಲ್ಲಿ ಬಂದಿದ್ದರೆ ಎರಡೇ ತಿರುವು. ಎಲ್ಲವನ್ನೂ ಯೋಚಿಸಿದ್ದಳು, ಹೂವು, ಹಾಡು, ಬೆಳ್ಳಿಪಟ್ಟಿಯ ಪೆಟ್ಟಿಗೆ. ಬಾಲವೊಂದನ್ನು ಬಿಟ್ಟು.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ,” ಅಂದಳು. “ಫೋನ್ ಮಾಡಿ ಕರೆಸೋಣ.”

“ಗುಡ್ಡದಾಚೆ ಫೋನ್ ಹತ್ತಿದ್ದು ಯಾವತ್ತು? ಹತ್ತಿದ್ರೂ ಬರ್ತಾರಾ? ಸವಾರಿ ಪಾಠದ ಗ್ವೆನ್ ಕೈಲಿ ಕಲಿತೋರು ಅವರು. ಬಾಲ ಕಾಣದೆ ಬರಲ್ಲ.”

ಜೊತೆಗೆ ಬಂದಿದ್ದ ಇಬ್ಬರಲ್ಲಿ ಒಬ್ಬ ಮುಂದೆ ಬಂದು, “ನಾನು ಹೋಗಿ ಕರ್ಕೊಂಡು ಬರ್ತೀನಿ, ನೀನಿಲ್ಲಿರು. ಮಗಳು ನೀನು,” ಅಂದ.

“ಬಾಲದ ಹಳದಿ ಜಾಕೀಟು ಇಲ್ದೆ ಹೋದ್ರೆ ನಿನ್ನನ್ನ ಯಾರು ಕೇಳ್ತಾರೆ?” ಅಂದ ಕ್ಲೈವ್.

“ಜಾಕೀಟು ಎಲ್ಲಿದೆ?”

“ಅವನ ಮೈಮೇಲಿದೆ,” ಅನ್ನುತ್ತ ಬೆರಿಲ್ ಕೋಲೂರಿಕೊಂಡು ಚರ್ಚಿನೊಳಗಿಂದ ಬಂದಳು. ಲೋರ್ನಾಳ ಅಮ್ಮ. ಪಕ್ಕದ ಮನೆಯವರ ಕಾರಿನಲ್ಲಿ ನೇರ ರಸ್ತೆಯಿಂದ ಬಂದು, ಮುಂದಿನ ಬೆಂಚಿನಲ್ಲಿ ಕೂತು ಕಾದು ಸಾಕಾಗಿತ್ತು ಅವಳಿಗೆ. “ನಾನೇ ತೊಡಿಸ್ದೆ. ಒಳ್ಳೇ ಸೂಟು ಇತ್ತು, ಆದ್ರೆ ಅದ್ರಲ್ಲಿ ಅವನು ಅವನ ಥರಾನೇ ಕಾಣ್ತಿರ್ಲಿಲ್ಲ. ಏನಾಯ್ತು ಈಗ?”

ಆದದ್ದನ್ನು ಹೇಳಿದರು. ಬೆರಿಲ್ ಖಾಲಿ ರಸ್ತೆಯ ಕಡೆ ನೋಡಿ, ಮಗಳು ಕೂತುಬಂದ ಗಾಡಿಯ ಕಡೆ ನೋಡಿದಳು. ಅದು ಪರ್ಸಿಯ ಗಾಡಿ. ಅವನ ಅಪ್ಪ ಹೊಸದಾಗಿ ಕೊಂಡದ್ದು, ಬೆರಿಲ್‌ಗಿಂತ ನಾಲ್ಕಾರು ವರ್ಷಕ್ಕಷ್ಟೇ ಚಿಕ್ಕದು. ಮದುವೆಯಾದ ದಿನದಿಂದ ಬೆರಿಲ್ ಅದನ್ನು ಸವತಿ ಅಂತಲೇ ಕರೆಯುತ್ತಿದ್ದಳು.

“ಜಾಕೀಟು ಯಾಕೆ? ಈ ನನ್ನ ಸವತೀನ ನೋಡಿದ್ರೆ ಸಾಲದಾ? ಇದು ಬಂದ್ರೆ ಬಾಲ ಬಂತು ಅಂತ ಕುರಿಗೂ ಗೊತ್ತು.”

ಆ ಗಾಡಿಯನ್ನು ಓಡಿಸಬಲ್ಲವರು ಈಗ ಇಬ್ಬರೇ. ಒಬ್ಬ ಕ್ಲೈವ್, ಅವನು ಹೆಣ ಬಿಟ್ಟು ಹೋಗುವಂತಿಲ್ಲ. ಇನ್ನೊಬ್ಬಳು ಲೋರ್ನಾ.

ಅಷ್ಟರಲ್ಲಿ ಪಾದ್ರಿ ಗಡಿಯಾರ ನೋಡಿಕೊಳ್ಳುತ್ತ ಬಂದರು. ಪಾಪದ ಮನುಷ್ಯ, ಐದು ಊರಿನ ಚರ್ಚುಗಳು ಒಬ್ಬರ ಕೊರಳಿಗೇ ಬಿದ್ದಿದ್ದವು.

“ಮಿಸೆಸ್ ಮೆಟ್ಕಾಫ್, ದಯವಿಟ್ಟು ತಪ್ಪು ತಿಳೀಬೇಡಿ. ಇನ್ನು ಕಾಯೋಕಾಗಲ್ಲ. ಕೆಳಗಿನೂರಲ್ಲಿ ನಂಗೊಂದು ಮದುವೆ ಇದೆ. ಇದ್ದಷ್ಟು ಜನದ ಜೊತೆ ಶುರು ಮಾಡೋಣ.”

ಲೋರ್ನಾ ಕಳಚಿಟ್ಟ ಹೆಲ್ಮೆಟ್ ಕೈಗೆತ್ತಿಕೊಂಡಳು. ಹೋದರೆ ಅಪ್ಪನನ್ನು ಮಣ್ಣಿಗಿಳಿಸುವಾಗ ತಾನಿರುವುದಿಲ್ಲ. ಹೋಗದಿದ್ದರೆ ಅಪ್ಪನಿಗಾಗಿ ಬಂದ ಅಷ್ಟೂ ಜನ ಜಡಿಮಳೆಯಲ್ಲಿ ನಿಂತೇ ಇರುತ್ತಾರೆ, ಅವನು ಮಣ್ಣಾದದ್ದು ಕೂಡ ತಿಳಿಯದೆ. ಹನ್ನೊಂದು ವರ್ಷದಲ್ಲಿ ಅವನು ಒಬ್ಬರನ್ನೂ ಮೂಲೆಯಲ್ಲಿ ಬಿಟ್ಟು ಬಂದಿರಲಿಲ್ಲ.

“ಅಮ್ಮ, ಏನ್ ಮಾಡ್ಲಿ?”

“ಮಾಡೋದೇನು? ಹೋಗಿ ಕರ್ಕೊಂಡು ಬಾ.”

“ನಾನು ಬರೋ ಅಷ್ಟರಲ್ಲಿ…”

“ನೀನು ಬರೋ ತನಕ ನಿಮ್ಮಪ್ಪ ಇಲ್ಲೇ ಇರ್ತಾನೆ. ಕೊನೆಯವನು ಬರದೆ ಅವನು ಯಾವತ್ತು ಒಳಗೆ ಹೋಗಿ ಟೀ ಕುಡಿದಿದ್ದಾನೆ? ಇವತ್ತು ಮಾತ್ರ ನುಗ್ಗಿಬಿಡ್ತಾನಾ?” ಬೆರಿಲ್ ಪಾದ್ರಿಗಳ ಕಡೆ ತಿರುಗಿದಳು. “ನೀವು ಹೋಗಿ ಆ ಮಕ್ಕಳ ಮದುವೆ ಮಾಡಿಸಿ ಬನ್ನಿ ಸ್ವಾಮಿ. ಬದುಕೋರದ್ದು ಮೊದಲಾಗ್ಲಿ.”

“ಅಲ್ಲಿ ತನಕ ಪೆಟ್ಟಿಗೆ ಎಲ್ಲಿಡೋದಮ್ಮ?”

ಬೆರಿಲ್ ಕೋಲಿನಿಂದ ಗೇಟಿನ ಮಾಡಿನ ಕೆಳಗಿರುವ ಉದ್ದ ಕಲ್ಲನ್ನು ತಟ್ಟಿದಳು. “ಈ ಕಲ್ಲು ಯಾಕಿದೆ ಮತ್ತೆ? ಪಾದ್ರಿ ಬರೋ ತನಕ ಹೆಣ ಕಾಯ್ಲಿ ಅಂತಾನೇ ತಾನೇ ಹಿರಿಯರು ಹಾಕಿಸಿದ್ದು? ಇಷ್ಟು ವರ್ಷ ಬರೀ ಬೆಕ್ಕು ಮಲಗಿದೆ ಇದರ ಮೇಲೆ.”

ಪಾದ್ರಿಗಳು ಕಾರು ಹತ್ತಿದರು. ಬೆರಿಲ್ ಪಕ್ಕದ ಸಭಾಮನೆಯಲ್ಲಿ ಮಣ್ಣಾದ ಮೇಲಿನ ಉಪಚಾರಕ್ಕೆ ಅಣಿ ಮಾಡುತ್ತಿದ್ದ ಹೆಂಗಸರಿಗೆ ಕೂಗಿ ಹೇಳಿದಳು: “ಹ್ಯಾಮ್ ಸ್ಯಾಂಡ್‌ವಿಚ್ ಈಚೆ ತನ್ನಿ!”

“ಮಣ್ಣು ಮಾಡೋಕೆ ಮುಂಚೇನಾ ಬೆರಿಲ್? ಎಲ್ಲಾದ್ರೂ ಉಂಟಾ?”

“ಆಮೇಲೆ ಒಣಗಿಹೋಗುತ್ತೆ. ಒಣಕಲು ಹ್ಯಾಮ್ ಹಾಕಿ ಗಂಡನ್ನ ಕಳಿಸಿದ್ಳು ಅಂತ ನಾಳೆ ಊರೆಲ್ಲ ಆಡ್ಕೊಳ್ಳೋದು ನಿಮ್ಮನ್ನಲ್ಲ, ನನ್ನನ್ನ.”

ಲೋರ್ನಾ ಹೆಲ್ಮೆಟ್ ಹಾಕಿಕೊಂಡಳು.

*

ಇಷ್ಟಕ್ಕೆಲ್ಲ ಮೂಲ ಬೆರಿಲ್‌ಳೇ. ನಲವತ್ತರ ಹೊಸ್ತಿಲಲ್ಲಿ ಲೋರ್ನಾ ಒಂದು ಮೋಟಾರ್‌ಸೈಕಲ್ ಕೊಂಡು ತಂದಾಗ, ಅಪ್ಪ ಮಗಳು ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ ಹೇಳಿದ್ದಳು: “ಸುರಕ್ಷಿತ ಸವಾರಿ ಅಂತ ಗ್ವೆನ್ ಪಾಠ ಮಾಡ್ತಾಳಂತೆ, ಭಾನುವಾರ ಭಾನುವಾರ. ಇಬ್ರೂ ಹೋಗಿ ಕಲಿಯೋದಾದ್ರೆ ಸರಿ. ಇಲ್ಲಾಂದ್ರೆ ಇವತ್ತಿಂದ ನಿಮ್ಮ ಊಟ ನೀವೇ ಮಾಡ್ಕೊಳ್ಳಿ.”

“ನಾನು ಗಾಡಿ ಹತ್ತಿದಾಗ ಆ ಗ್ವೆನ್ ಇನ್ನೂ ಹುಟ್ಟಿರ್ಲಿಲ್ಲ ಕಣೇ,” ಅಂದ ಪರ್ಸಿ.

“ಹತ್ತೋದು ಗೊತ್ತು ನಿಂಗೆ. ಇಳಿಯೋದು ಬೇಲಿ ಮೇಲೆ.”

ಗ್ವೆನ್ ಆಂಬುಲೆನ್ಸ್ ಓಡಿಸಿದವಳು. ರಸ್ತೆಯಲ್ಲಿ ಬಿದ್ದವರನ್ನು ಎತ್ತಿ ಎತ್ತಿ ಬೇಸತ್ತು, ಬೀಳದ ಹಾಗೆ ಕಲಿಸುವುದೇ ವಾಸಿ ಅಂತ ಈ ಕೆಲಸ ಹಿಡಿದಿದ್ದಳು. ಭಾನುವಾರ ಕುರಿಸಂತೆ ಇರುವುದಿಲ್ಲವಲ್ಲ, ಆ ಅಂಗಳವೇ ಅವಳ ಪಾಠಶಾಲೆ. ದೊಡ್ಡಿಗಳ ನಡುವೆ, ರಸ್ತೆ ಕೆಲಸದವರು ಇಡುವಂಥ ಕೆಂಪು ಶಂಕುಗಳನ್ನಿಟ್ಟು ಒಬ್ಬೊಬ್ಬರನ್ನೇ ಹಾವಿನ ಹಾಗೆ ಓಡಿಸುತ್ತಿದ್ದಳು. ಎಲ್ಲರೂ ಹೊಸ ಗಾಡಿಯವರು. ಪರ್ಸಿ ಒಬ್ಬ ಆ ಹಳೆಯದನ್ನು ಕಿಕ್ ಹೊಡೆದು, ನೀಲಿ ಹೊಗೆ ಎಬ್ಬಿಸಿಕೊಂಡು ಬಂದ.

ಮೊದಲ ದಿನವೇ ಆಗಬೇಕಾದದ್ದು ಆಯಿತು. ಶಂಕುಗಳ ಸಾಲಿನ ಕೊನೆಗೆ ಗಕ್ಕನೆ ನಿಲ್ಲಿಸುವ ಪಾಠ. ಗ್ವೆನ್ ಎಲ್ಲರಿಗೂ ಕೂಗುವಂತೆ ಅವನಿಗೂ ಕೂಗಿದಳು: “ಬಲಗಾಲು! ಬಲಗಾಲು ಒತ್ತಿ!” ಹೊಸ ಗಾಡಿಗಳಲ್ಲಿ ಬಲಗಾಲಿಗೆ ಬ್ರೇಕು. ಪರ್ಸಿಯ ಗಾಡಿಯಲ್ಲಿ ಬಲಗಾಲಿಗೆ ಗೇರು, ಬ್ರೇಕು ಎಡಗಾಲಿಗೆ. ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ಅವತ್ತೊಂದು ದಿನ ಹೇಳಿದ್ದನ್ನು ಹೇಳಿದಂತೆ ಮಾಡಿದ. ಗಾಡಿ ನಿಲ್ಲುವ ಬದಲು ಮುಂದಿನ ಗೇರಿಗೆ ಬಿದ್ದು, ದೊಡ್ಡಿಯ ಬಾಗಿಲು ಮುರಿದು, ಹುಲ್ಲಿನ ಕಂತೆಗೆ ಹೋಗಿ ಸಿಕ್ಕಿಕೊಂಡಿತು.

ಹುಲ್ಲಿನಿಂದ ತಲೆ ಎತ್ತಿ ಪರ್ಸಿ ಅಂದದ್ದು ಇಷ್ಟೇ: “ನೀವೇ ತಾನೇ ಬಲಗಾಲು ಅಂದಿದ್ದು?”

ಲೋರ್ನಾ ನೆಲಕ್ಕೆ ಕುಸಿದು ಕೂತು ನಕ್ಕಿದ್ದಳು. ಪಾಠದ ಕೊನೆಯ ಭಾನುವಾರ ಎಲ್ಲರನ್ನೂ ಬೆಟ್ಟದ ರಸ್ತೆಗೆ ಕರೆದೊಯ್ದು, ಮೂಲೆ ಕಾಯುವ ಕಟ್ಟಳೆ ಕಲಿಸಿ, ಸಂಜೆ ಗ್ವೆನ್ ಪ್ರಮಾಣಪತ್ರ ಹಂಚಿದಳು. ಲೋರ್ನಾಳಿಗೆ ಸಿಕ್ಕಿತು. ಪರ್ಸಿಗೆ ಮಾತ್ರ ಸಿಗಲಿಲ್ಲ. ‘ದೊಡ್ಡಿ ಮುರಿದು ಫೇಲಾದ ಮೆಟ್ಕಾಫ್’ ಅಂತ ಲೋರ್ನಾ ಅಪ್ಪನನ್ನು ಛೇಡಿಸಿದ್ದೇ ಛೇಡಿಸಿದ್ದು. ಪ್ರತಿ ಕ್ರಿಸ್‌ಮಸ್ ಊಟಕ್ಕೂ ಆ ಕತೆ ಬೇಕೇ ಬೇಕು, ವರ್ಷ ವರ್ಷ ಅದಕ್ಕೆ ಒಂದಿಷ್ಟು ಹುಲ್ಲು ಹೆಚ್ಚಾಗುತ್ತಿತ್ತು. ಪರ್ಸಿ ತಟ್ಟೆ ನೋಡಿಕೊಂಡು, “ಹೌದಪ್ಪಾ, ನಾನು ದಡ್ಡ, ಇನ್ನೊಂದು ಆಲೂಗೆಡ್ಡೆ ಹಾಕು,” ಅನ್ನುತ್ತಿದ್ದ. ಮುಂದೆ ಗ್ವೆನ್ ಮನೆಗೇ ಬಂದು ಅವನನ್ನು ಬಾಲ ಮಾಡಿದಾಗಲೂ, ‘ಆ ಮುದಿ ಗಾಡಿ ಹೇಗಿದ್ದರೂ ಹಿಂದೆಯೇ ಉಳಿಯುತ್ತದೆ, ಅದಕ್ಕೆ’ ಅಂದುಕೊಂಡಿದ್ದಳು ಲೋರ್ನಾ.

ಎರಡು ವಾರದ ಕೆಳಗೆ, ಬೆಳಗಿನ ಟೀ ಕುಡಿಯುತ್ತಲೇ ಪರ್ಸಿ ಕುರ್ಚಿಯಲ್ಲಿ ಒರಗಿದ. ಇವತ್ತು ಚರ್ಚಿನಲ್ಲಿ ನಿಂತು ಹೇಳಲು ಲೋರ್ನಾ ಬಾಯಿಪಾಠ ಮಾಡಿಕೊಂಡು ಬಂದದ್ದೂ ಆ ದೊಡ್ಡಿಯ ಕತೆಯನ್ನೇ.

*

ಬಾಲವಾಗಬೇಕಾದರೆ ಮೊದಲ ಮೂಲೆಯಿಂದ ಶುರು ಮಾಡಬೇಕು. ಲೋರ್ನಾ ನೇರ ರಸ್ತೆ ಹಿಡಿದು ಥಾರ್ನ್‌ಬೆಕ್ಕಿಗೆ ವಾಪಸು ಬಂದಳು. ಕುರಿಸಂತೆಯ ಮೂಲೆಯಲ್ಲಿ, ಮಳೆಯಲ್ಲಿ ನೆನೆದು ತೊಪ್ಪೆಯಾಗಿ, ಕೈ ಚಾಚಿ ನಿಂತದ್ದು ಬೇರೆ ಯಾರೂ ಅಲ್ಲ, ಗ್ವೆನ್.

ನಿಲ್ಲಿಸಲು ಹೋಗಿ ಲೋರ್ನಾ ಅಭ್ಯಾಸಬಲದಿಂದ ಬಲಗಾಲು ಒತ್ತಿದಳು. ಗಾಡಿ ಮುಗ್ಗರಿಸಿ ಗ್ವೆನ್‌ಳನ್ನು ದಾಟಿಹೋಯಿತು.

“ಎಡಗಾಲು!” ಅಂತ ಗ್ವೆನ್ ಕಿರುಚಿದಳು. “ನಂಗೆ ಬುದ್ಧಿ ಬಂತು, ನಿಂಗಿನ್ನೂ ಬಂದಿಲ್ಲ ನೋಡು.”

ಲೋರ್ನಾ ಇಳಿದು ಬಂದಳು. “ಬಾಲ ಇಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?”

“ಕೊನೇ ಗಾಡಿ ಹೋಯ್ತು, ಹಳದಿ ಜಾಕೀಟು ಬರ್ಲಿಲ್ಲ. ಆಗ್ಲೇ.”

“ಗೊತ್ತಿದ್ದೂ ಇಷ್ಟು ಹೊತ್ತು ನಿಂತ್ರಾ? ಹಿಂದೇನೇ ಬರೋದಲ್ವಾ?”

“ಹೇಗೆ ಬರ್ಲಿ? ಯಾರಾದ್ರೂ ಹಿಂದೆ ಉಳಿದಿದ್ರೆ?” ಗ್ವೆನ್ ಚಾಚಿದ ಕೈಯನ್ನು ಇಳಿಸಿ, ಮರಗಟ್ಟಿದ ಭುಜ ಉಜ್ಜಿಕೊಂಡಳು. “ಈ ವಿಷಯದಲ್ಲಿ ನಿಮ್ಮಪ್ಪನ ಹತ್ರ ಒಂದ್ಸಲ ಪಾಠ ಹೇಳಿಸ್ಕೊಂಡಿದೀನಿ. ಇವತ್ತು, ಅವರು ಹೋಗ್ತಿರೋ ದಿನ, ಮೂಲೆ ಬಿಟ್ಟು ಹೋಗ್ಲಾ?”

“ಯಾವ ಪಾಠ? ಫೇಲಾದೋನು ಅಪ್ಪ.”

ಗ್ವೆನ್ ಕೈಗವಸು ಕಳಚಿ ನೀರು ಹಿಂಡಿದಳು. ಹೇಳಲೋ ಬೇಡವೋ ಅಂತ ತೂಗುತ್ತಿರುವುದು ಕಾಣುತ್ತಿತ್ತು.

“ಯಾಕೆ ಫೇಲಾದ್ರು ಅಂದ್ಕೊಂಡಿದೀಯ?”

“ದೊಡ್ಡಿ ಮುರಿದಿದ್ದಕ್ಕೆ.”

“ದೊಡ್ಡಿ ಮುರಿದಿದ್ದು ನನ್ನ ತಪ್ಪು. ಅದಕ್ಕೆ ಅವರನ್ನ ಫೇಲ್ ಮಾಡ್ತೀನಾ? ಕೊನೇ ಭಾನುವಾರ ನೆನಪಿದೆಯಾ? ಬೆಟ್ಟದ ಮೇಲೆ ಒಂದು ದನದ ಲಾರಿ ನಿನ್ನ ಭುಜಕ್ಕೆ ತಾಗೋ ಹಾಗೆ ಹೋಯ್ತು.”

ಅದು ಯಾರಿಗೂ ಗೊತ್ತಿಲ್ಲ ಅಂತ ಲೋರ್ನಾ ಇಲ್ಲಿಯ ತನಕ ನಂಬಿದ್ದಳು. ಆವತ್ತು ಅವಳು ಕಲ್ಲುಗೋಡೆಯ ಹಿಂದೆ ಗಾಡಿ ಹಾಕಿ, ವಾಂತಿ ಮಾಡಿಕೊಂಡು, ಎಷ್ಟೋ ಹೊತ್ತು ಅಲ್ಲೇ ಕೂತಿದ್ದಳು.

“ಆವತ್ತು ಬಾಲಕ್ಕೆ ಇದ್ದೋನು ನೀನು ಮುಂದೆ ಹೋದೆ ಅಂದ್ಕೊಂಡು ದಾಟಿ ಬಂದ. ಮುಂದಿನ ಮೂಲೇಲಿ ನಿಮ್ಮಪ್ಪ, ಆ ಲಾರಿ ಹಾದಿದ್ದನ್ನ ಅಲ್ಲಿಂದ್ಲೇ ನೋಡಿದ್ರು. ಇವನು ತಲೆಯಾಡಿಸಿದ, ನಡೀರಿ ಅಂದ. ನಿಮ್ಮಪ್ಪ ಕದಲಲಿಲ್ಲ. ನಾನೇ ವಾಪಸ್ ಬಂದು ಗದರಿಸ್ದೆ, ಬಾಲ ಬಂದ್ಮೇಲೆ ಮೂಲೆ ಬಿಡ್ಬೇಕು, ಕಟ್ಟಳೆ ಅಂದ್ರೆ ಕಟ್ಟಳೆ, ಬರದಿದ್ರೆ ಫೇಲ್ ಅಂತ. ‘ಫೇಲ್ ಮಾಡಿ ತಾಯಿ. ನನ್ನ ಮಗಳು ಇನ್ನೂ ಬಂದಿಲ್ಲ,’ ಅಂದ್ರು.”

“ನಾನು ಬಂದಾಗ ಅಪ್ಪ ಸುಮ್ನೆ ಕೈ ತೋರಿಸ್ಕೊಂಡು ನಿಂತಿದ್ದ,” ಅಂದಳು ಲೋರ್ನಾ. ದನಿ ಅವಳದೇ ಅನ್ನಿಸಲಿಲ್ಲ. “ಏನೂ ಕೇಳಲಿಲ್ಲ.”

“ನೀನು ದೂರದಲ್ಲಿ ಕಂಡ ಕೂಡ್ಲೇ ನನ್ನನ್ನ ಓಡಿಸಿಬಿಟ್ರು. ‘ಅವಳು ಹೆದರಿದ್ದನ್ನ ಯಾರೋ ನೋಡಿದ್ರು ಅಂತ ಗೊತ್ತಾದ್ರೆ ನಾಳೇನೇ ಗಾಡಿ ಮಾರ್ತಾಳೆ. ದೊಡ್ಡಿ ಮುರಿದು ಫೇಲಾದೆ ಅಂತ ಇರ್ಲಿ’ ಅಂದ್ರು. ಒಂದು ವಾರ ನಂಗೆ ನಿದ್ದೆ ಬರ್ಲಿಲ್ಲ. ಆಮೇಲೇ ಮನೆಗೆ ಬಂದು, ಇನ್ಮೇಲೆ ನೀವೇ ಬಾಲ ಅಂದಿದ್ದು. ಪ್ರಮಾಣಪತ್ರಾನೂ ತಂದಿದ್ದೆ. ಬೇಡ ಅಂದ್ರು, ಮಗಳ ತಮಾಷೆ ಕೆಡುತ್ತೆ ಅಂತ.”

ಲೋರ್ನಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಹನ್ನೊಂದು ಕ್ರಿಸ್‌ಮಸ್ ಊಟ, ಪ್ರತಿ ಸಲವೂ ಆ ಮನುಷ್ಯ ತಟ್ಟೆ ನೋಡಿಕೊಂಡು ಇನ್ನೊಂದು ಆಲೂಗೆಡ್ಡೆ ಕೇಳಿದ್ದ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ತನ್ನ ಮೇಲೂ ಬಂತು. ಅದಕ್ಕಿಂತ ಹೆಚ್ಚಾಗಿ ಈಗಿಂದೀಗ ಅವನನ್ನು ನೋಡಬೇಕು ಅನ್ನಿಸಿತು.

“ಚರ್ಚಲ್ಲಿ ಹೇಳೋಕೆ ಅದೇ ಕತೆ ಇಟ್ಕೊಂಡಿದ್ದೆ.”

“ಹೇಳು. ಅವರಿಗೆ ಇಷ್ಟ ಅದು. ನೀನು ನಗ್ತಿದ್ದೆಯಲ್ಲ,” ಅಂದಳು ಗ್ವೆನ್. ಆಮೇಲೆ ಗಾಡಿ ಹತ್ತಿ, “ತಲೆಯಾಡಿಸಮ್ಮ. ನೀನು ತಲೆಯಾಡಿಸದೆ ನಾನು ಹೊರಡೋ ಹಾಗಿಲ್ಲ.”

ಲೋರ್ನಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

*

ಹಿಂಡಿ ಗಿರಣಿಯ ಮೂಲೆಯಲ್ಲಿ ಕಟುಕ ಡೆರೆಕ್ ನಿಂತಿದ್ದ. ಜೇಬಿನಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸಿ, ಖಾಲಿ ಕಾಗದ ಮಡಿಸುತ್ತಿದ್ದ.

“ಬಂತಾ? ತನ್ನ ಮಣ್ಣಿಗೂ ತಾನೇ ಕೊನೇಗೆ ಬರ್ತಾನೇನೋ ಪರ್ಸಿ ಅಂತ ಲೆಕ್ಕ ಹಾಕ್ತಿದ್ದೆ,” ಅಂದ. ಲೋರ್ನಾಳ ಕಣ್ಣು ನೋಡಿ, ಕಾಗದವನ್ನು ಜೇಬಿಗಿಟ್ಟು, ಗ್ವೆನ್‌ಳ ಹಿಂದೆ ಸೇರಿಕೊಂಡ.

ಮೇಲಿನ ತೋಟದ ಗೇಟಿನಲ್ಲಿ ಶಾಲೆಯ ಅಡುಗೆಯ ಪಾಲಿನ್ ಕುರ್ಚಿಯ ಮೇಲೆ ಕೂತು, ಬಲಗೈ ರಸ್ತೆಯ ಕಡೆ ಚಾಚಿಕೊಂಡೇ ಎಡಗೈಯಲ್ಲಿ ಸೂಪು ಕುಡಿಯುತ್ತಿದ್ದಳು. ಕುರ್ಚಿ, ಸೂಪು ಎರಡೂ ಆ ತೋಟದ ಅಜ್ಜಿಯ ಉಪಚಾರ.

“ಪರ್ಸಿಯ ಮಗಳಾ ನೀನು?” ಅಂತ ಅಜ್ಜಿ ಲೋರ್ನಾಳ ಗಾಡಿಯ ಹಿಡಿ ಹಿಡಿದುಕೊಂಡಳು. “ದೊಡ್ಡ ಹಿಮ ಬಿದ್ದ ವರ್ಷ ಲಾರಿ ಕೆಳಗೇ ಸಿಕ್ಕಿಹಾಕ್ಕೊಂಡಿತ್ತು. ಮೂಟೆ ಹೆಗಲ ಮೇಲೆ ಹೊತ್ಕೊಂಡು ಬಂದ, ತಾಯಿ. ಎರಡು ಸಲ. ಒಳಗೆ ಬಾ ಅಂದ್ರೆ, ‘ಇನ್ನೂ ಮೇಲಿನ ಮನೆ ಇದೆ’ ಅಂದ. ಮೇಲಿನ ಮನೇಲಿ ಇದ್ದಿದ್ದು ಒಂದೇ ಹಸು.”

“ನಮಗೆ ಹೇಳೇ ಇಲ್ಲ ಅಪ್ಪ.”

“ಹೇಳೋದೇನಿದೆ ಅದರಲ್ಲಿ?” ಅಂದಳು ಅಜ್ಜಿ, ನಿಜಕ್ಕೂ ಅರ್ಥವಾಗದೆ.

ಮೂಲೆಯಿಂದ ಮೂಲೆಗೆ ಸಾಲು ಬೆಳೆಯಿತು. ಎಲ್ಲರೂ ನೆನೆದಿದ್ದರು, ಕೆಲವರು ಗೊಣಗಿದರು, ಒಬ್ಬರೂ ಮೂಲೆ ಬಿಟ್ಟಿರಲಿಲ್ಲ. ದೂರದಲ್ಲಿ ಆ ಹಳೇ ಎಂಜಿನ್ನಿನ ಸದ್ದು ಕೇಳಿದೊಡನೆ ನಿಂತವರ ಮುಖ ಒಂದು ಗಳಿಗೆ ಅರಳುತ್ತಿತ್ತು, ಆಮೇಲೆ ಸವಾರಿ ಮಾಡುತ್ತಿರುವುದು ಯಾರು ಅಂತ ಕಂಡು ನೆನಪಾಗುತ್ತಿತ್ತು. ಲೋರ್ನಾ ಪ್ರತಿಯೊಬ್ಬರಿಗೂ ತಲೆಯಾಡಿಸಿದಳು. ಕೊನೆಯ ಏರಿಗೆ ಬರುವಾಗ ಎಲ್ಲರೂ ಅವಳ ಮುಂದಿದ್ದರು, ಹಿಂದೆ ಯಾರೂ ಇರಲಿಲ್ಲ. ಮುದಿ ಗಾಡಿ ಏದುಸಿರು ಬಿಡುತ್ತ ಹಿಂದುಳಿಯಿತು. ಒಂದೊಂದಾಗಿ ಕೆಂಪು ದೀಪಗಳು ತಿರುವಿನಾಚೆ ಮರೆಯಾದವು.

ಚರ್ಚಿಗೆ ಹೊರಳುವ ಸಣ್ಣ ದಾರಿಯ ಬಾಯಿಗೆ ಬಂದಾಗ ಅಲ್ಲಿ ಯಾರೋ ನಿಂತಿರುವುದು ಕಾಣಿಸಿತು. ಆ ಮೂಲೆಗೆ ಅವಳು ಯಾರನ್ನೂ ನಿಲ್ಲಿಸಿರಲಿಲ್ಲ. ಚರ್ಚು ಕಣ್ಣಿಗೇ ಬೀಳುವ ಜಾಗ ಅದು.

ಬೆರಿಲ್. ಕಪ್ಪು ಕೋಟು, ಒದ್ದೆಯಾದ ಟೊಪ್ಪಿ. ಎಡಗೈಯನ್ನು ಕೋಲಿಗೆ ಊರಿ, ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಚರ್ಚಿನ ಕಡೆ ನೇರವಾಗಿ ಚಾಚಿದ್ದಳು. ಗೇಟಿನ ಬಳಿ ನೆರೆದ ಜನರ ನಡುವೆ ಪಾದ್ರಿಗಳೂ ಇದ್ದರು, ಅವರ ಹೆಗಲ ಮೇಲೆ ಮದುವೆಯ ಬಣ್ಣದ ಕಾಗದದ ಚೂರುಗಳು ಇನ್ನೂ ಅಂಟಿಕೊಂಡಿದ್ದವು. ಯಾರೋ ಕೊಡೆ ಹಿಡಿದುಕೊಂಡು ಬೆರಿಲ್‌ಳ ಕಡೆ ಓಡಿ ಬರುತ್ತಿದ್ದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಲೋರ್ನಾ ಪಕ್ಕಕ್ಕೆ ಬಂದು ನಿಂತಳು.

“ಇನ್ಯಾರಾದ್ರೂ ಇದ್ದಾರಾ ಹಿಂದೆ?” ಅಂತ ಬೆರಿಲ್ ಕೇಳಿದಳು.

“ಇಲ್ಲಮ್ಮ. ಎಲ್ಲರೂ ಬಂದ್ರು.”

ಬೆರಿಲ್ ಕೈ ಇಳಿಸಲಿಲ್ಲ. ಮಗಳನ್ನೇ ನೋಡುತ್ತ ನಿಂತಳು. ಲೋರ್ನಾಳಿಗೆ ಆಗ ಹೊಳೆದು, ತಲೆಯಾಡಿಸಿದಳು.

ಬೆರಿಲ್ ಕೈ ಇಳಿಸಿ, ಬಾಲದ ಮುಂದೆ ಸೇರಿಕೊಂಡು, ದಾರಿಯ ನಟ್ಟನಡುವೆ ಕೋಲೂರುತ್ತ ಚರ್ಚಿನ ಕಡೆ ನಡೆಯತೊಡಗಿದಳು. ಲೋರ್ನಾ ಗಾಡಿಯನ್ನು ಮೊದಲ ಗೇರಿನಲ್ಲಿಟ್ಟು, ಎರಡೂ ಕಾಲನ್ನು ನೆಲಕ್ಕೆ ಸವರುತ್ತ, ಅವಳನ್ನು ದಾಟದೆ ಹಿಂದೆ ಹಿಂದೆಯೇ ಹೋದಳು.